ದಾರಿ ತೋರಿಸಿದವರ ಎಲೆ

ಆ ಪಟ್ಟಣದಲ್ಲಿ ಯಾರನ್ನಾದ್ರೂ ನಿಲ್ಲಿಸಿ, "ಸ್ವಾಮಿ, ಇಲ್ಲಿ ಊಟ ಎಲ್ಲಿ ಚೆನ್ನಾಗಿರುತ್ತೆ?" ಅಂತ ಕೇಳಿ ನೋಡಿ. ಮೊದ್ಲು ನಿಮ್ಮ ಮುಖ ನೋಡ್ತಾರೆ, ಆಮೇಲೆ ತಮ್ಮ ಹೊಟ್ಟೆ ಮುಟ್ಟಿ ನೋಡ್ಕೋತಾರೆ. ಹೊಟ್ಟೇಲಿ ಜಾಗ ಇದ್ರೆ ದಾರಿ ತೋರಿಸ್ತಾರೆ, ಇಲ್ಲದಿದ್ರೆ "ನಾನೂ ಈ ಊರಿಗೆ ಹೊಸಬ" ಅಂತ ಕತ್ತು ತಿರುಗಿಸ್ಕೊಂಡು ಹೋಗ್ತಾರೆ. ಹುಟ್ಟಿದ್ದು ಅದೇ ಬೀದೀಲಿ, ಮದುವೆ ಆಗಿದ್ದು ಎದುರು ಮನೆಯೋಳನ್ನ, ಆದ್ರೂ ಹೊಸಬರು. ಕೊಬ್ಬು ಅಂತ ತಿಳ್ಕೋಬೇಡಿ, ಆ ಊರಿನ ಕಟ್ಟಳೆ ಹಾಗಿದೆ. ಹೋಟೆಲಿಗೆ ದಾರಿ ತೋರಿಸಿದವರು ನಿಮ್ಮ ಜೊತೆ ಕೂತು ಉಣ್ಣಬೇಕು. ಅವರು ಉಂಡ್ರೇ ನಿಮ್ಮ ತಟ್ಟೇಲಿ ರುಚಿ. ಇಲ್ಲ ಅಂದ್ರೆ ಎಂಥಾ ಅಡುಗೆ ಆದ್ರೂ ಒದ್ದೆ ಕಾಗದ ಅಗಿದ ಹಾಗೆ. ಒಂದು ಸಲ ಹೀಗೆ ಜೊತೆಲಿ ಕೂತು ಉಂಡ್ರೆ ಮುಗೀತು, ಆ ಹೋಟೆಲು ನಿಮ್ಮದು. ಆಮೇಲೆ ನೀವೊಬ್ಬರೇ ಹೋದ್ರೂ ಸಾರು ಸಾರಿನ ಹಾಗೇ ಇರುತ್ತೆ.

ಅದಕ್ಕೇ ಅಲ್ಲಿ ಹೋಟೆಲುಗಳಿಗೆ ಬೋರ್ಡಿಲ್ಲ. ಹಿಂದೆ ಇತ್ತಂತೆ. ಬೋರ್ಡು ಓದಿ ಒಳಗೆ ಬಂದವರಿಗೆ ದಾರಿ ತೋರಿಸಿದ್ದು ಯಾರು ಅಂದ್ರೆ, ಬೋರ್ಡು ಬರೆದವನು. ಆ ಪೇಂಟರ್ ಪಾಪ ಬೆಳಗ್ಗೆಯಿಂದ ಸಂಜೆವರೆಗೂ ಈ ಹೋಟೆಲಿಂದ ಆ ಹೋಟೆಲಿಗೆ ಓಡಿ ಓಡಿ ತಿಂದು, ಕೊನೆಗೆ ಏಣಿ ಹತ್ತೋಕಾಗದೆ ಕೆಲಸಾನೇ ಬಿಟ್ಟ. ಒಬ್ಬ ಮೇಷ್ಟ್ರು ಊರಿನ ಒಳ್ಳೊಳ್ಳೆ ಹೋಟೆಲುಗಳ ಮೇಲೆ ಪುಸ್ತಕ ಅಚ್ಚು ಹಾಕಿಸಿದ್ರಂತೆ, ಅದು ಚೆನ್ನಾಗಿ ಮಾರಾಟ ಆಗೋಕೆ ಶುರುವಾದ ವಾರದಲ್ಲೇ ಊರು ಬಿಟ್ಟು ಓಡಿಹೋದ್ರಂತೆ. ಟ್ರಾಫಿಕ್ ಪೊಲೀಸರು ಎಲ್ಲಾ ದಾರಿ ತೋರಿಸ್ತಾರೆ, ಊಟದ್ದೊಂದು ಬಿಟ್ಟು. ಸಂಜೆ ಹೊತ್ತು ಮಾತ್ರ, ಮನೇಲಿ ಉಪ್ಪಿಟ್ಟು ಅಂತ ಗೊತ್ತಾದ ಗಂಡಸರು ರೈಲ್ವೆ ಸ್ಟೇಷನ್ ಮುಂದೆ ಕೈಕಟ್ಟಿ ನಿಂತಿರ್ತಾರೆ. ಚೀಲ ಹಿಡಿದವರನ್ನ ಕಂಡ್ರೆ ತಾವೇ ಮೇಲೆ ಬಿದ್ದು, "ಏನಾದ್ರೂ ಬೇಕಿತ್ತಾ?" ಅಂತ ಕೇಳ್ತಾರೆ.

ನಾನು ತಿರುಮಲ, ದರ್ಜಿ. ವರ್ಷಕ್ಕೊಂದು ಸಲ ಲೈನಿಂಗ್ ಬಟ್ಟೆ, ಗುಂಡಿ, ದಾರ ತರೋಕೆ ಆ ಪಟ್ಟಣಕ್ಕೆ ಹೋಗೋನು. ಈ ಸಲ ಹೋಗಿದ್ದು ಮಾತ್ರ ನಮ್ಮ ಭಾವನನ್ನ ಕರ್ಕೊಂಡು, ಅಕ್ಕನ ಅಪ್ಪಣೆ ಮೇಲೆ.

ಭಾವ ಅಂದ್ರೆ ರಂಗಧಾಮಯ್ಯ. ನಮ್ಮ ಕಡೆ ಮದುವೆ ಮುಂಜಿ ಉಂಡವರಿಗೆ ಅವರ ಪರಿಚಯ ಮಾಡ್ಕೊಡಬೇಕಾಗಿಲ್ಲ. ಅಡುಗೆಯವರಲ್ಲ, ಬಡಿಸೋರು. ಬಡಿಸೋದೇನು ಮಹಾ ಅಂತೀರಿ, ನಾನೂ ಅಂತಿದ್ದೆ. ಪಂಕ್ತಿ ಮಧ್ಯೆ ನಡೀತಾ ಅವರು ಮಾಡ್ತಿದ್ದ ಉಪಚಾರ ನೋಡಬೇಕಿತ್ತು. "ಏನ್ರೀ ಯಜಮಾನ್ರೇ, ಎಲೆ ಬರಿದು ಮಾಡ್ಕೊಂಡು ಕೂತು ಹೆಣ್ಣಿನ ಅಪ್ಪನ ಮಾನ ತೆಗೀತೀರಲ್ಲ" ಅಂತ ಮಾತಾಡ್ತಾ ಮಾತಾಡ್ತಾ ಇನ್ನೊಂದು ಹೋಳಿಗೆ ಬಿದ್ದಿರೋದು. "ಎಲ್ಲಾ ಸಾಕೂ ಒಂದೇ ಅಲ್ಲ ತಿರುಮಲ" ಅಂತ ನಂಗೆ ಹೇಳೋರು. "ಎಲೆ ಮೇಲೆ ಕೈ ಅಡ್ಡ ಇಟ್ಟು, ಬೆರಳು ಅಗಲಿಸಿ ಸಾಕು ಅಂದ್ರೆ, ಇನ್ನೂ ಹಸಿವಿದೆ, ನಾಚಿಕೆ ಅಷ್ಟೆ. ಬೆರಳು ಜೋಡಿಸಿದ್ರೆ ಅರ್ಧ ಸೌಟು. ಎಲೆ ಮೇಲೆ ಬೋರಲು ಬಿದ್ರೆ ಮಾತ್ರ ಬಿಟ್ಟುಬಿಡು, ಪಾಪ." ಎಲ್ಲರದ್ದೂ ಆದಮೇಲೆ ಕೊನೇ ಪಂಕ್ತೀಲಿ ಕೂತು ತಾವು ಉಣ್ಣೋರು. ಅವರು ಉಣ್ಣೋದು ನೋಡಿದ್ರೆ ಉಂಡು ಎದ್ದವನಿಗೂ ಮತ್ತೆ ಹಸಿವಾಗೋದು. ಮನೇಲಿ ಮಾತ್ರ ಜಗಳ ಇಲ್ಲದೆ ಊಟ ಇಲ್ಲ. ಮೊದಲ ತುತ್ತಿಗೇ "ಉಪ್ಪು ಒಂಚೂರು ಕಮ್ಮಿ ಅಲಮೇಲು" ಅನ್ನೋರು. ನಮ್ಮಕ್ಕ "ನಿಮ್ಮ ನಾಲಿಗೆ ಛತ್ರಗಳಲ್ಲಿ ಕೆಟ್ಟುಹೋಗಿದೆ" ಅಂತ ಉಪ್ಪಿನ ಡಬ್ಬಿ ತಂದು ಕುಕ್ಕೋಳು.

ಆಮೇಲೆ ನಮ್ಮ ಕಡೆಗೂ ಬಫೆ ಬಂತು. ಜನ ಕೈಯಲ್ಲಿ ತಟ್ಟೆ ಹಿಡ್ಕೊಂಡು ಸಾಲಲ್ಲಿ ನಿಂತ್ರು. ಭಾವನ ತಲೆಗೊಂದು ಕಾಗದದ ಟೋಪಿ ಹಾಕಿ, ಕೈಗೆ ಗ್ಲೌಸು ಕೊಟ್ಟು, ಪಲಾವಿನ ಪಾತ್ರೆ ಹಿಂದೆ ನಿಲ್ಲಿಸಿದ್ರು. ಒಂದು ಮದುವೆ ಹಾಗೆ ನಿಂತು ಬಂದ್ರು, ಆಮೇಲೆ ಯಾರು ಕರೆದ್ರೂ ಹೋಗ್ಲಿಲ್ಲ. ಅದಾದ ಸ್ವಲ್ಪ ದಿನಕ್ಕೆ ಊಟಾನೂ ಬಿಟ್ರು. ಉಪವಾಸ ಅಂತಲ್ಲ, ತಟ್ಟೆ ಮುಂದೆ ಕೂತು ನಾಲ್ಕು ತುತ್ತು ನುಂಗಿ ಎದ್ದುಬಿಡೋರು. ಡಾಕ್ಟ್ರು ರಕ್ತ, ಎದೆ, ಹೊಟ್ಟೆ ಎಲ್ಲಾ ನೋಡಿ ಏನೂ ಇಲ್ಲ ಅಂದ್ರು. ಏನೂ ಇಲ್ಲ ಅಂತ ನಂಗೆ ಹೇಳೋಕೆ ಬರಬೇಡಿ, ಅವರ ಅಂಗಿ ಹೊಲಿಯೋನು ನಾನು. ಆಷಾಢದಲ್ಲಿ ಒಂದು ಸಲ ಪಕ್ಕ ಹಿಡಿದು ಬಿಗಿ ಮಾಡಿದೆ, ಗಣಪತಿ ಹಬ್ಬಕ್ಕೆ ಇನ್ನೊಂದು ಸಲ. ಅಕ್ಕ ಮತ್ತೆ ಅದೇ ಅಂಗಿ ತಂದು ಮೆಷಿನ್ ಮೇಲೆ ಇಟ್ಟಾಗ ಟೇಪು ಕೈಗೆ ತಗೊಳ್ಳೋಕೆ ನಂಗೆ ಧೈರ್ಯ ಸಾಲಲಿಲ್ಲ.

"ಆರು ತಿಂಗಳಾಯ್ತು ಕಣೋ, ಉಪ್ಪು ಕಮ್ಮಿ ಅಂತ ಒಂದು ದಿನ ಅನ್ನಲಿಲ್ಲ" ಅಂದ್ಲು ಅಕ್ಕ. "ಮೊನ್ನೆ ಬೇಕೂ ಅಂತ ಉಪ್ಪೇ ಹಾಕದೆ ಹುಳಿ ಮಾಡಿಟ್ಟೆ. ಸುಮ್ಮನೆ ಉಂಡು ಎದ್ದುಹೋದ್ರು." ಇಷ್ಟು ಹೇಳಿ ಸೆರಗು ಬಾಯಿಗಿಟ್ಕೊಂಡ್ಲು. ಆಮೇಲೆ ಅದೇ ಸೆರಗಲ್ಲಿ ಮೂಗು ಒರೆಸ್ಕೊಂಡು ನನ್ನ ಮೇಲೆ ತಿರುಗಿಬಿದ್ಲು. "ಆ ಪಟ್ಟಣದಲ್ಲಿ ಸತ್ತ ನಾಲಿಗೆಗೂ ಜೀವ ಬರುತ್ತೆ ಅಂತ ಪ್ರತಿ ವರ್ಷ ಬಂದು ಕೊಚ್ಕೋತೀಯಲ್ಲ, ಇವರನ್ನ ಕರ್ಕೊಂಡು ಹೋಗು. ಹೊಟ್ಟೆ ತುಂಬಾ ಉಂಡ್ರು ಅಂದ್ಮೇಲೆ ವಾಪಸ್ಸು ಬಾ."

ಹೋದ್ವಿ. ಹೂವಿನ ಮಾರ್ಕೆಟ್ಟಿನ ಹಿಂದೆ ನಂಗೆ ಮೊದಲೇ ಗೊತ್ತಿದ್ದ ದೋಸೆ ಹೋಟೆಲೊಂದಿತ್ತು, ಅಲ್ಲಿಂದ ಶುರು ಮಾಡಿದೆ. ದಾರಿ ತೋರಿಸಿದವನು ನಾನು, ಹಾಗಾಗಿ ನಾನೂ ತಿನ್ನಲೇಬೇಕು. ಆ ಕರ್ತವ್ಯದಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ. ಕಬ್ಬಿಣದ ಕಾವಲಿ, ಕೆಂಪಗೆ ಅಂಚು, ಮಧ್ಯೆ ಬೆಣ್ಣೆ ಕರಗ್ತಾ ಇದೆ. ಭಾವ ಒಂದು ಮೂಲೆ ಮುರಿದು ಬಾಯಿಗಿಟ್ಕೊಂಡು, ಬೀಗರ ಮನೇಲಿ ಹೇಳೋ ಹಾಗೆ "ಚೆನ್ನಾಗಿದೆ" ಅಂದ್ರು. ಆಮೇಲೆ ತಟ್ಟೆ ಮೆತ್ತಗೆ ನನ್ನ ಕಡೆ ತಳ್ಳಿದ್ರು.

ಸರಿ, ನಂಗೆ ಗೊತ್ತಿಲ್ಲದ ಹೋಟೆಲು ಹುಡುಕಬೇಕು. ದೊಡ್ಡ ಊರಲ್ಲಿ ಒಳ್ಳೆ ಊಟ ಬೇಕು ಅಂದ್ರೆ ಯಾರನ್ನ ಕೇಳ್ತೀವಿ ಅನ್ನೋದೇ ಮುಖ್ಯ. ಜನ ಮುಖ ನೋಡಿ ಕೇಳ್ತಾರೆ, ನಾನು ಅಂಗಿ ನೋಡಿ ಕೇಳ್ತೀನಿ. ಹೊಟ್ಟೆ ಹತ್ರದ ಗುಂಡಿ ಕಿತ್ತುಹೋಗಿ ಬೇರೆ ಬಣ್ಣದ ದಾರದಲ್ಲಿ ಹಾಕಿಸ್ಕೊಂಡಿರಬೇಕು, ಅಂಥವರು ನಾಲಿಗೆಗೆ ಮೋಸ ಮಾಡಿರೋಲ್ಲ. ಅಂಥ ಒಬ್ಬರು ಸಿಕ್ಕಿದ್ರು, ನರಹರಿ ಅಂತ, ಬ್ಯಾಂಕಿನವರು. ಖುಷಿಯಾಗಿ ಒಂದು ಕಡುಬಿನ ಹೋಟೆಲಿಗೆ ಕರ್ಕೊಂಡು ಹೋದ್ರು. ಅರ್ಧ ತಿನ್ನೋಷ್ಟರಲ್ಲಿ ಅವರಿಗೆ ಫೋನು ಬಂತು, ಎದ್ದು ಬಾಗಿಲಾಚೆ ಹೋದ್ರು. ನನ್ನ ಬಾಯಲ್ಲಿದ್ದ ಕಾಯಿಚಟ್ನಿ ಇದ್ದಕ್ಕಿದ್ದ ಹಾಗೆ ಸುಣ್ಣದ ನೀರಾಯ್ತು. ಗಲ್ಲಾ ಮೇಲಿದ್ದ ಯಜಮಾನ ಅಲ್ಲಿಂದಲೇ, "ರೀ ನರಹರಿಗಳೇ, ನಿಮ್ಮ ನೆಂಟರ ಬಾಯಿ ಕೆಡಿಸ್ತಿದೀರಿ, ಒಳಗೆ ಬನ್ನಿ" ಅಂತ ಕೂಗಿದ. ಅವರು ಓಡಿಬಂದು ಒಂದು ಚೂರು ಕಡುಬು ಬಾಯಿಗೆ ಹಾಕ್ಕೊಂಡ್ರು, ನನ್ನ ಚಟ್ನಿಗೆ ಹಸಿಮೆಣಸಿನಕಾಯಿ, ಇಂಗು ಎಲ್ಲಾ ವಾಪಸ್ಸು ಬಂತು. ಭಾವ ಮಾತ್ರ ಮೊದಲಿಂದ ಕೊನೇವರೆಗೂ ಒಂದೇ ಥರ ಅಗೀತಿದ್ರು. ಆಗ ನಂಗೆ ಏನೂ ಹೊಳೀಲಿಲ್ಲ.

ಮಾರನೇ ದಿನ ಹೂ ಕಟ್ಟೋ ಹೆಂಗಸೊಬ್ಬಳನ್ನ ಕೇಳಿದೆ. "ಇವತ್ತು ಶನಿವಾರ, ಒಪ್ಪೊತ್ತು ಕಣಪ್ಪ. ನಾಳೆ ಬಾ, ಹಸ್ಕೊಂಡು ಕಾಯ್ತಿರ್ತೀನಿ" ಅಂದ್ಲು. ಆಮೇಲೆ ಬಸ್ ಸ್ಟ್ಯಾಂಡಿನ ಹತ್ರ ಹಾಸಿಗೆ ಹೊಲಿಯೋ ಯಾಕೂಬ್ ಸಾಹೇಬರು ಸಿಕ್ಕಿದ್ರು. ಅವರದ್ದು ಸಪೂರ ದೇಹ, ನನ್ನ ಗುಂಡಿ ಲೆಕ್ಕಕ್ಕೆ ಬರೋರಲ್ಲ. ಆದ್ರೆ ಸೂಜಿ ಹಿಡಿದವರು ಸೂಜಿ ಹಿಡಿದವರಿಗೆ ಸುಳ್ಳು ಹೇಳೋಲ್ಲ ಅಂತ ನಂಬಿದೆ. ಅವರು ಹಿಂದಿನ ಸಂದೀಲಿ ಕಮಲಾಕ್ಷಮ್ಮ ಅನ್ನೋರ ಮನೆಗೆ ಕರ್ಕೊಂಡು ಹೋದ್ರು. ಹೊರಗಿಂದ ನೋಡಿದ್ರೆ ಹೋಟೆಲು ಅಂತ ಗೊತ್ತೇ ಆಗೋಲ್ಲ. ಒಳಗೆ ಚಾಪೆ, ಬಾಳೆಎಲೆ, ಕೋಸಂಬರಿ, ಬದನೆಕಾಯಿ ಎಣ್ಣೆಗಾಯಿ, ಒಬ್ಬಟ್ಟು, ಒಬ್ಬಟ್ಟಿನ ಸಾರು. ಆ ಸಾರಿನ ಘಮಕ್ಕೇ ನನ್ನ ಕಣ್ಣಲ್ಲಿ ನೀರು ಬಂತು. ಸಾಹೇಬರು ನಿಧಾನವಾಗಿ, ಒಂದಗುಳೂ ಬಿಡದೆ ಉಂಡ್ರು. ನಾನು ನನ್ನದೂ ಉಂಡೆ, ಭಾವನದ್ದೂ ಉಂಡೆ. ಭಾವ ಆಡಿದ್ದು ಒಂದೇ ಮಾತು. ಬಡಿಸೋ ಹುಡುಗಿಗೆ, ಅವಳಿಗೇ ಕೇಳಿಸದ ಹಾಗೆ, "ಉಪ್ಪಿನಕಾಯಿ ಎಡಗಡೆ ಮಗು" ಅಂದ್ರು.

ಹೊರಗೆ ಬಂದಮೇಲೆ ಸಾಹೇಬರು ನನ್ನನ್ನ ಪಕ್ಕಕ್ಕೆ ಕರೆದು, "ಊಟದಲ್ಲಿ ತಪ್ಪಿಲ್ಲ ಮಾಸ್ಟ್ರೇ. ಅವರು ಊಟಕ್ಕೆ ಬಂದೇ ಇಲ್ಲ, ನೀವು ಎಳ್ಕೊಂಡು ಬಂದಿದೀರಿ" ಅಂದ್ರು.

ನಂಗೆ ಸಿಟ್ಟು ಬಂತು. ಸಾಹೇಬರ ಮೇಲಲ್ಲ, ಭಾವನ ಮೇಲೆ. ಎರಡು ದಿನದಿಂದ ಇಬ್ಬರ ಪಾಲು ತಿಂದು ತಿಂದು ನನ್ನ ಹೊಟ್ಟೆ ತಮಟೆ ಆಗಿತ್ತು, ಸೋಡಾ ಕುಡಿದ್ರೂ ಇಳೀತಿರಲಿಲ್ಲ. ಮೂರನೇ ದಿನ ಬೆಳಗ್ಗೆ, ಇನ್ನು ಯಾರನ್ನೂ ಕೇಳೋಲ್ಲ ಅಂತ ಹಟಕ್ಕೆ ಬಿದ್ದು, ಜನ ಕಾಣಿಸಿದ ಒಂದು ಬಾಗಿಲಿಗೆ ಭಾವನನ್ನ ನೂಕಿಕೊಂಡು ನುಗ್ಗಿದೆ. ಇಡ್ಲಿ ಬಂತು. ಮಲ್ಲಿಗೆ ಹಾಗೆ ಬೆಳ್ಳಗಿತ್ತು. ಬಾಯಿಗಿಟ್ರೆ ಒದ್ದೆ ಕಾಗದ. ಸಾಂಬಾರು ಬಿಸಿನೀರು. ನಾನು ಉಗಿಯೋಕೆ ಜಾಗ ಹುಡುಕ್ತಿದ್ದೆ, ಭಾವ ಮಾತ್ರ ಮುರ್ಕೊಂಡು ತಿಂತಾನೇ ಇದ್ರು.

"ಹೇಗೆ ತಿಂತೀರಿ ಭಾವ ಇದನ್ನ? ರುಚೀನೇ ಇಲ್ಲ" ಅಂದೆ.

ಭಾವ ನನ್ನ ಮುಖ ನೋಡಿದ್ರು. "ಇಲ್ವಾ?" ಅಂದ್ರು. ಆಮೇಲೆ ತಟ್ಟೆ ನೋಡ್ತಾ, "ನಂಗೆ ಎಷ್ಟೋ ತಿಂಗಳಿಂದ ಎಲ್ಲಾ ಹೀಗೇ ಕಣೋ. ಮನೇಲೂ ಹೀಗೇ. ಅಲಮೇಲುಗೆ ಹೇಳ್ಬೇಡ, ಬೇಜಾರು ಮಾಡ್ಕೋತಾಳೆ" ಅಂದ್ರು.

ಎರಡು ದಿನ ನಾನು ಅವರ ಮುಂದೆ ಕೂತು ಚಪ್ಪರಿಸ್ಕೊಂಡು ತಿಂದಿದ್ದು ನೆನಪಾಯ್ತು. ಅಲ್ಲೇ, ಅಷ್ಟು ಜನರ ಮಧ್ಯೆ, ಅತ್ತುಬಿಟ್ಟೆ. ಭಾವಾನೇ ನನ್ನ ಕೈ ಹಿಡ್ಕೊಂಡು ಹೊರಗೆ ಕರ್ಕೊಂಡು ಬಂದು, "ಊರಿಗೆ ಹೋಗೋಣ ನಡಿ, ಪಾಪ, ನೀನೂ ಎಷ್ಟೂಂತ ತಿಂತೀಯ" ಅಂದ್ರು. ಹೋಗೋದು ಸರಿ, ಅಕ್ಕನಿಗೆ ಏನಂತ ಹೇಳ್ಲಿ ಅಂತ ಬಸ್ ಸ್ಟ್ಯಾಂಡಿನವರೆಗೂ ಯೋಚನೆ ಮಾಡಿದೆ, ಒಂದು ಸುಳ್ಳೂ ಹೊಳೀಲಿಲ್ಲ.

ಬಸ್ಸು ಮಧ್ಯಾಹ್ನದ್ದು. ಟಿಕೆಟ್ ತಗೊಂಡು ಬೆಂಚಿನ ಮೇಲೆ ಕೂತ್ವಿ. ಭಾವ ಹೆಗಲ ಮೇಲೆ ಟವೆಲ್ ಹಾಕ್ಕೊಂಡು, ಆ ಊರಿನವರ ಹಾಗೇ ಕಾಣ್ತಿದ್ರು. ಒಬ್ಬ ಭಾರೀ ಆಳು ಬಂದ. ಆರಡಿ ಎತ್ತರ, ಹೆಗಲಿಗೆ ಹಿಟ್ಟಿನ ಗಿರಣಿಯ ಹೊಸ ಬೆಲ್ಟು, ಕಿವಿ ಹಿಂದೆ ಇನ್ನೂ ಅಂಟಿದ್ದ ಹಿಟ್ಟು. ಎಲ್ಲರನ್ನೂ ದಾಟಿ ಭಾವನ ಮುಂದೆ ನಿಂತು, ನಾಚ್ಕೊಂಡು, "ಯಜಮಾನ್ರೇ, ಇಲ್ಲಿ ಊಟ ಎಲ್ಲಿ ಚೆನ್ನಾಗಿರುತ್ತೆ?" ಅಂತ ಕೇಳಿದ.

"ಹಿಂದಿನ ಸಂದೀಲಿ ಕಮಲಾಕ್ಷಮ್ಮನ ಮನೆ" ಅಂದ್ರು ಭಾವ, ಬೇರೇನೋ ಯೋಚನೇಲಿ, ಕೈ ತೋರಿಸ್ತಾ. "ಒಬ್ಬಟ್ಟಿನ ಸಾರು ಕೇಳಿ ಹಾಕಿಸ್ಕೊಳ್ಳಿ."

ಬೆಂಚಿನ ಮೇಲಿದ್ದ ಊರಿನವರು ಇಬ್ಬರು ಸರಕ್ಕನೆ ಆಚೆ ಸರಿದ್ರು. ಭಾವನ ಬೆರಳು ಹಾಗೇ ಗಾಳೀಲಿ ನಿಂತುಬಿಡ್ತು.

"ಭಾವ, ದಾರಿ ತೋರಿಸಿಬಿಟ್ರಲ್ಲ" ಅಂದೆ ನಾನು.

ಅಷ್ಟರಲ್ಲಿ ನಮ್ಮ ಬಸ್ಸಿನ ಕಂಡಕ್ಟರ್ ಸೀಟಿ ಊದಿದ. ಭಾವ ಬಸ್ಸು ನೋಡಿದ್ರು, ಆ ಆಳನ್ನ ನೋಡಿದ್ರು. "ನಾನು ಹೋಗ್ಲಿಲ್ಲ ಅಂದ್ರೆ ಇವರಿಗೆ ಊಟ ರುಚಿಸೋಲ್ಲ, ಅಲ್ವಾ?" ಅಂತ ಕೇಳಿದ್ರು. ಹೌದು ಅಂದೆ. "ಹಸ್ಕೊಂಡು ಬಂದವರು" ಅಂದ್ರು. ಎದ್ದು ಟವೆಲ್ ಕೊಡವಿ, "ನಡೀರಿ ಸ್ವಾಮಿ" ಅಂತ ಮುಂದೆ ಹೊರಟೇಬಿಟ್ರು. ನಾನು ಚೀಲ ಎತ್ಕೊಂಡು ಹಿಂದೆ ಓಡಿದೆ. ಬಸ್ಸು ಹೋಯ್ತು.

ಆ ಮನುಷ್ಯನ ಹೆಸರು ಚಿಕ್ಕವೀರಯ್ಯ. ಎಲೆ ಮುಂದೆ ಮೈಯೆಲ್ಲ ಮುದುಡ್ಕೊಂಡು ಕೂತ, ಜಾಗ ಹಿಡಿದಿದ್ದೇ ತಪ್ಪು ಅನ್ನೋ ಹಾಗೆ. ಭಾವ ಅವನ ಪಕ್ಕ, ನಾನು ಎದುರಿಗೆ. ಹುಡುಗಿ ಒಂದು ಒಬ್ಬಟ್ಟು ಹಾಕಿದ್ಲು. ಎರಡನೇದಕ್ಕೆ ವೀರಯ್ಯ ಎಲೆ ಮೇಲೆ ಕೈ ಅಡ್ಡ ಹಿಡಿದು, "ಸಾಕು ಸಾಕು" ಅಂದ. ಬೆರಳುಗಳ ಮಧ್ಯೆ ಸೌಟು ತೂರೋಷ್ಟು ಜಾಗ ಇತ್ತು. ಹುಡುಗಿ ಮುಂದಕ್ಕೆ ಹೊರಟ್ಲು.

"ನಿಲ್ಲು ಮಗು" ಅಂದ್ರು ಭಾವ. "ಆ ಕೈ ನೋಡು."

ಎದ್ದರು. ಹುಡುಗಿ ಕೈಯಿಂದ ಒಬ್ಬಟ್ಟಿನ ತಟ್ಟೆ ತಗೊಂಡ್ರು. ಅವರ ಬೆನ್ನು ನೆಟ್ಟಗಾಗಿದ್ದನ್ನ ನಾನು ನೋಡಿದೆ, ದರ್ಜಿ ಕಣ್ಣಿಗೆ ಅಂಥದ್ದು ತಪ್ಪೋಲ್ಲ. "ಏನು ವೀರಯ್ಯನೋರೇ, ಊರಿಗೆಲ್ಲ ಹಿಟ್ಟು ಬೀಸಿ ಕೊಡೋರು ನೀವು. ಒಂದೇ ಒಬ್ಬಟ್ಟು ತಿಂದು ಎದ್ರು ಅಂತ ಗೊತ್ತಾದ್ರೆ ನಾಳೆ ನಿಮ್ಮ ಗಿರಣಿಗೆ ಕಾಳು ತರ್ತಾರಾ ಯಾರಾದ್ರೂ?" ಅಂತ ಎರಡು ಹಾಕಿ, ಮೇಲೆ ತುಪ್ಪ ಸುರಿದ್ರು. ವೀರಯ್ಯ ನಕ್ಕ. ಒಂದು ತುತ್ತು ಬಾಯಿಗಿಟ್ಟ. ನಗು ಹಾಗೇ ಇಳೀತು.

"ಯಾಕೆ?" ಅಂದ್ರು ಭಾವ.

"ಏನಿಲ್ಲ, ಚೆನ್ನಾಗಿದೆ."

"ಚೆನ್ನಾಗಿದೆ ಅನ್ನೋ ಮುಖ ನಾನು ಸಾವಿರ ನೋಡಿದೀನಿ, ಇದಲ್ಲ."

ಒಳಗಿಂದ ಕಮಲಾಕ್ಷಮ್ಮ ತಲೆ ಹಾಕಿದ್ರು. "ದಾರಿ ತೋರಿಸಿದವರು ನಿಂತ್ರೆ ಅವರಿಗೆ ಹೇಗ್ರೀ ರುಚಿ ಹತ್ತುತ್ತೆ? ಕೂತ್ಕೊಂಡು ಉಣ್ಣಿ ಮೊದ್ಲು."

ಭಾವ ಪೇಚಿಗೆ ಸಿಕ್ಕಿಕೊಂಡ್ರು. ಅತಿಥಿ ಎಲೆ ಮುಂದೆ ಇರೋವಾಗ ತಾವು ಕೂತು ಉಂಡವರಲ್ಲ, ಇಡೀ ಜನ್ಮದಲ್ಲಿ. ಆದ್ರೆ ವೀರಯ್ಯನ ಮುಖ ನೋಡೋಕಾಗ್ತಿಲ್ಲ. ಕೂತ್ರು. ಗಡಿಬಿಡೀಲಿ ಒಂದು ತುತ್ತು ನುಂಗಿದ್ರು. ವೀರಯ್ಯನ ಮುಖ ಅರಳಿತು. ಅದನ್ನ ನೋಡಿದ್ದೇ ತಡ, ಭಾವ ಎದ್ದು ಕೈ ತೊಳ್ಕೊಂಡು ಸಾರಿನ ಬಕೆಟ್ಟು ಹಿಡಿದ್ರು. ಮುಖ ಮತ್ತೆ ಬಾಡಿತು. ಮತ್ತೆ ಕೂತ್ರು, ಒಂದು ತುತ್ತು. ಮತ್ತೆ ಎದ್ರು. ಕೈ ತೊಳೆದೂ ತೊಳೆದೂ ಸಾಕಾಗಿ, ಕೊನೆಗೆ ಬಕೆಟ್ಟನ್ನೇ ಎರಡೂ ಎಲೆ ಮಧ್ಯೆ ತಂದಿಟ್ಕೊಂಡ್ರು. ಬಲಗೈಯಲ್ಲಿ ತಾವು ಉಣ್ಣೋದು, ಎಡಗೈಯಲ್ಲಿ ಅವನಿಗೆ ಬಡಿಸೋದು. "ಅನ್ನ ಕಲಸೋಕೆ ಗುಂಡಿ ಮಾಡಿ ವೀರಯ್ಯನೋರೇ, ಸಾರು ಓಡಿಹೋಗ್ತಿದೆ." "ಇದು ಎಣ್ಣೆಗಾಯಿ, ಇದನ್ನ ಬೇಡ ಅಂದ್ರೆ ಬದನೆಕಾಯಿ ಶಾಪ ಹಾಕುತ್ತೆ." ಪ್ರತಿ ಉಪಚಾರಕ್ಕೂ ಒಂದು ತುತ್ತು, ಇಲ್ಲದಿದ್ರೆ ವೀರಯ್ಯನಿಗೆ ರುಚಿ ಹೋಗುತ್ತಲ್ಲ. ನನ್ನ ಎಲೆಗೆ ಬಿದ್ದಿದ್ದು ಹಾಗೇ ಆರ್ತಿತ್ತು, ನಾನು ನೋಡ್ತಿದ್ದದ್ದು ಭಾವನ ಎಲೆ. ಒಬ್ಬಟ್ಟು ಹೋಯ್ತು. ಕೋಸಂಬರಿ ಹೋಯ್ತು. ಹುಡುಗಿ ಎರಡನೇ ಸಲ ಅನ್ನ ತಂದ್ಲು, ಭಾವ ನೋಡದೇನೇ ಹಾಕಿಸ್ಕೊಂಡ್ರು.

ಆಮೇಲೆ ಇದ್ದಕ್ಕಿದ್ದ ಹಾಗೆ ಕೈ ನಿಲ್ಲಿಸಿದ್ರು. ಬಾಯಲ್ಲಿದ್ದ ತುತ್ತನ್ನ ನಿಧಾನಕ್ಕೆ ಅಗಿದ್ರು. ಹುಬ್ಬು ಗಂಟಿಕ್ಕಿತು. ಮುಗೀತು, ಮತ್ತೆ ಶುರುವಾಯ್ತು ಅಂದ್ಕೊಂಡೆ. ಭಾವ ಇನ್ನೊಂದು ಚೂರು ಸಾರು ನೆಕ್ಕಿ ನೋಡಿದ್ರು, ಒಳಮನೆ ಕಡೆ ತಿರುಗಿದ್ರು.

"ತಪ್ಪು ತಿಳ್ಕೋಬೇಡಿ ತಾಯಿ" ಅಂದ್ರು. "ಸಾರಿಗೆ ಉಪ್ಪು ಒಂಚೂರು ಕಮ್ಮಿ."

ಕಮಲಾಕ್ಷಮ್ಮ ಸೌಟು ಹಿಡ್ಕೊಂಡೇ ಹೊರಗೆ ಬಂದ್ರು. ಇಷ್ಟು ವರ್ಷದಲ್ಲಿ ತಮ್ಮ ಕೈ ಅಡುಗೆಗೆ ಹಾಗಂದವರಿಲ್ಲ ಅಂತ ಜಗಳಕ್ಕೇ ನಿಂತ್ರು. ಭಾವಾನೂ ಬಿಡಲಿಲ್ಲ, "ನಿನ್ನೆ ಹೇಗಿತ್ತೋ ಗೊತ್ತಿಲ್ಲ, ಇವತ್ತು ಕಮ್ಮಿ" ಅಂತ ಹಟ ಹಿಡಿದ್ರು. ವೀರಯ್ಯ ಇಬ್ಬರ ಮಧ್ಯೆ ತಲೆ ತಗ್ಗಿಸಿ ಉಣ್ತಾನೇ ಇದ್ದ. ನಾನು ಎದ್ದು ಜಗಲಿಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ.

"ಉಂಡ್ರಾ?" ಅಂದ್ಲು. ಅವಳ ಮೊದಲ ಮಾತೇ ಅದು.

"ಉಣ್ತಿದಾರೆ."

"ಎಷ್ಟು ಉಂಡ್ರು? ನಿಜ ಹೇಳು."

"ಎಷ್ಟು ಅಂತ ಹೇಗೆ ಹೇಳ್ಲಿ ಅಕ್ಕ. ಸಾರಿಗೆ ಉಪ್ಪು ಒಂಚೂರು ಕಮ್ಮಿ ಅಂದ್ರು."

ಆ ಕಡೆಯಿಂದ ಮೂಗು ಎಳೆಯೋ ಸದ್ದು ಬಂತು. ಅಳ್ತಿದಾಳೆ ಅಂತ ಗೊತ್ತಾಯ್ತು. ನಾನೇ ಮಾತಾಡಿದೆ. "ನೋಡು, ನಾಳೆಯಿಂದ ನೀನು ಆಮೇಲೆ ಉಣ್ತೀನಿ ಅಂತ ಅಡುಗೆಮನೇಲಿ ಕೂರಬೇಡ. ಎರಡು ಎಲೆ ಹಾಕು, ಅವರ ಜೊತೇಲೇ ಕೂತ್ಕೋ. ಅವರೇ ಬಡಿಸ್ಲಿ. ನೀನು ಸುಮ್ಮನೆ ಬೆರಳು ಅಗಲಿಸಿ ಸಾಕು ಸಾಕು ಅನ್ನು, ಸಾಕು."

"ನಂಗೆ ಹೇಳ್ಕೊಡೋಕೆ ಬಂದುಬಿಟ್ಟ" ಅಂದ್ಲು ಅಕ್ಕ, ಮೂಗು ಏರಿಸ್ತಾ. ಆಮೇಲೆ, "ಕರ್ಕೊಂಡು ಬಾ ಅವರನ್ನ" ಅಂದ್ಲು. "ಉಪ್ಪು ಕಮ್ಮೀನೇ ಹಾಕಿರ್ತೀನಿ."